ರಕ್ಷಣೆಗೂ ಗೋಲಿಗೂ ರಘುನಾಥ್

ಹಾಕಿಯಲ್ಲಿ ರಕ್ಷಣಾ ಆಟಗಾರನ ಮೊದಲ ಕರ್ತವ್ಯ ಎದುರಾಳಿಗಳ ದಾಳಿಯನ್ನು ತಡೆಯುವುದು. ಆದರೆ ಪೆನಾಲ್ಟಿ ಕಾರ್ನರ್ ದೊರೆತಾಗ ಗೋಲು ಗಳಿಸುವ ಹೊಣೆಯೂ ಅನೇಕ ವೇಳೆ ಆತನದೇ. 1988ರಲ್ಲಿ ಕೊಡಗಿನಲ್ಲಿ ಜನಿಸಿದ ವಿ.ಆರ್. ರಘುನಾಥ್ ಭಾರತ ತಂಡದಲ್ಲಿ ಈ ಎರಡೂ ಹೊಣೆಗಳನ್ನು ಹೊತ್ತರು.

ಪೆನಾಲ್ಟಿ ಕಾರ್ನರ್‌ನಲ್ಲಿ ಬೀಸಿ ಹೊಡೆದ ಮೊದಲ ಚೆಂಡು ಗೋಲುರೇಖೆ ದಾಟುವಾಗ 460 ಮಿ.ಮೀ. ಎತ್ತರ ಮೀರುವಂತಿಲ್ಲ. ಚೆಂಡನ್ನು ಸ್ಟಿಕ್‌ನಿಂದ ಎಳೆದು ಚಿಮ್ಮಿಸುವ ‘ಡ್ರ್ಯಾಗ್ ಫ್ಲಿಕ್’ಗೆ ಈ ಮಿತಿ ಇಲ್ಲ. ಹೀಗಾಗಿ ಗೋಲಿನ ಮೇಲ್ಮೂಲೆಗೂ ಗುರಿಯಿಡಬಹುದು. ರಘುನಾಥ್ ಅವರ ಪ್ರಮುಖ ಅಸ್ತ್ರವೇ ಇದು.

ಅವರ ಹಾದಿ ಸುಗಮವಾಗಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ 12ನೆಯ, ಅಂದರೆ ಕೊನೆಯ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಇಪೊದಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು ತಂಡ 3-4ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರ ಗೌರವ ರಘುನಾಥ್ ಅವರಿಗೆ ಸಂದಿತು. 2014ರಲ್ಲಿ ಇಂಚಿಯಾನ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿದ ಭಾರತ, 16 ವರ್ಷಗಳ ಬಳಿಕ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದು ರಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆಯಿತು.

ರಿಯೊದಲ್ಲಿ 2016ರಲ್ಲಿ ಐರ್ಲೆಂಡ್ ವಿರುದ್ಧ 3-2ರಿಂದ ಗೆದ್ದ ಪಂದ್ಯದಲ್ಲಿ ಭಾರತದ ಮೊದಲ ಗೋಲು ಅವರದು. ತಂಡ ಎಂಟನೆಯ ಸ್ಥಾನ ಪಡೆಯಿತು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂದಿತಾದರೂ ಒಲಿಂಪಿಕ್ ಪದಕ ಅವರಿಗೆ ಒಲಿಯಲಿಲ್ಲ. 2021ರಲ್ಲಿ ಟೋಕಿಯೊದಲ್ಲಿ ಭಾರತ ಕಂಚು ಗೆದ್ದಾಗ ರಘುನಾಥ್ ತಂಡದಲ್ಲಿರಲಿಲ್ಲ.