ಬಾಯಿಮಾತಿನ ಕರಾರು, ಕೋರ್ಟಿನ ಅಳತೆ

ಬಾಯಿಮಾತಿನ ಕರಾರಿಗೂ ಕಾನೂನಿನ ಬಲವಿದೆ. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಮು ಕೇಳುವುದು ಇಷ್ಟೇ: ಇಬ್ಬರೂ ಕರಾರು ಮಾಡಿಕೊಳ್ಳಲು ಅರ್ಹರಿರಬೇಕು, ಒತ್ತಾಯ ಮೋಸಗಳಿಲ್ಲದೆ ಒಪ್ಪಿರಬೇಕು, ಕೊಟ್ಟದ್ದಕ್ಕೆ ಪ್ರತಿಫಲವಿರಬೇಕು, ಉದ್ದೇಶ ಕಾನೂನುಬದ್ಧವಾಗಿರಬೇಕು. ಕಾಗದ ಬೇಕೆಂದು ಬೇರೊಂದು ಕಾನೂನು ಹೇಳಿದ್ದರೆ ಮಾತ್ರ ಬರವಣಿಗೆ ಕಡ್ಡಾಯ. 1930ರ ಸರಕು ಮಾರಾಟ ಕಾಯ್ದೆಯಂತೂ ಮಾರಾಟದ ಕರಾರು ಬಾಯಿಮಾತಿನಲ್ಲಿ ಆಗಬಹುದು, ಇಬ್ಬರ ನಡವಳಿಕೆಯಿಂದಲೂ ತಿಳಿಯಬಹುದು ಎಂದು 5ನೇ ಕಲಮಿನಲ್ಲಿ ಬಿಡಿಸಿ ಹೇಳಿದೆ.

ಇಳಕಲ್ಲಿನ ಸೀರೆ ಕಸುಬನ್ನು ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಹುಕಾರ ನೂಲು ಕೊಡುತ್ತಾನೆ. ನೇಕಾರ ಮನೆಯ ಕುಣಿಮಗ್ಗದಲ್ಲಿ ನೇಯ್ದು ಕೊಡುತ್ತಾನೆ. ಸೀರೆಗೆ ಇಷ್ಟೆಂದು ಮಜೂರಿ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಈ ಕೆಲಸದಲ್ಲಿ ಸಹಿ ಹಾಕಿದ ಕರಾರುಪತ್ರ ಇಲ್ಲದಿದ್ದರೂ ಕರಾರು ಇಲ್ಲವೆನ್ನಲು ಬರುವುದಿಲ್ಲ. ನೂಲು ಹೋಗಿದೆ, ಸೀರೆ ಬಂದಿದೆ, ಹಣ ಕೈ ಬದಲಿಸಿದೆ.

ತೊಡಕಿರುವುದು ರುಜುವಾತಿನಲ್ಲಿ. ಒಂದು ಕಲ್ಪಿತ ಪ್ರಸಂಗ: ಬಾದಾಮಿಯ ಅಂಗಡಿಕಾರನೊಬ್ಬ ತೋಪು ತೆನಿ ಸೆರಗಿನ 40 ಸೀರೆಗಳನ್ನು ಫೋನಿನಲ್ಲಿ ಹೇಳುತ್ತಾನೆ, 5,000 ರೂಪಾಯಿ ಸಂಚಕಾರ ಕಳಿಸುತ್ತಾನೆ, 15 ಸೀರೆ ಒಯ್ದ ಮೇಲೆ ಉಳಿದವು ಬೇಡ ಎನ್ನುತ್ತಾನೆ. ‘ಬರೀ ದರ ಕೇಳಿದ್ದೆ’ ಎಂಬುದು ಅವನ ವಾದ. ದರ ವಿಚಾರಿಸುವುದು ಕರಾರಲ್ಲ, ನಿಜ. ಆದರೆ ಬರೀ ದರ ಕೇಳಿದವನು ಸಂಚಕಾರ ಏಕೆ ಕಳಿಸಿದ, 15 ಸೀರೆ ಏಕೆ ಒಯ್ದ? ಮಾತಿಗಿಂತ ಆಮೇಲಿನ ನಡತೆಯನ್ನೇ ನ್ಯಾಯಾಧೀಶರು ಹೆಚ್ಚು ತೂಗಿ ನೋಡುತ್ತಾರೆ. ಆದರೂ 15 ಸೀರೆಯ ವ್ಯಾಪಾರ ಆಗಿದೆ ಎಂದಮಾತ್ರಕ್ಕೆ 40ರ ಮಾತು ಆಗಿತ್ತೆಂದು ತೀರ್ಮಾನವಾಗದು. ಆ ಸಂಖ್ಯೆಯನ್ನು ವಾದಿಯೇ ಸಾಬೀತು ಮಾಡಬೇಕು. ಸಿವಿಲ್ ದಾವೆಯಲ್ಲಿ ಸಂಶಯಾತೀತ ರುಜುವಾತು ಬೇಡ, ಯಾರ ಮಾತು ಹೆಚ್ಚು ಸಂಭವನೀಯ ಎಂಬುದೇ ಅಳತೆ.

ಮಾತು ಖಚಿತವಾಗಿಯೂ ಇರಬೇಕು. ‘ಒಂದಿಷ್ಟು ಸೀರೆ ಕಳಿಸು, ನೋಡೋಣ’ ಎಂಬಂಥ ಮಾತು ಕರಾರು ಕಾಯ್ದೆಯ 29ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ದರವೊಂದನ್ನೇ ಆಡದೆ ಬಿಟ್ಟಿದ್ದರೆ ವ್ಯಾಪಾರ ಮುರಿದುಬೀಳುವುದಿಲ್ಲ. ನ್ಯಾಯವಾದ ಬೆಲೆ ಕೊಡಬೇಕೆಂದು ಸರಕು ಮಾರಾಟ ಕಾಯ್ದೆ ಹೇಳುತ್ತದೆ. ‘ಕಾಗದ ಆಮೇಲೆ ಮಾಡೋಣ’ ಎಂದಿದ್ದರೂ ಮುಖ್ಯ ಷರತ್ತುಗಳು ಇತ್ಯರ್ಥವಾಗಿದ್ದರೆ ಕರಾರು ಆದಂತೆಯೇ ಎಂದು ಸುಪ್ರೀಂ ಕೋರ್ಟ್ 1968ರ ಕೊಲ್ಲಿಪರ ಶ್ರೀರಾಮುಲು ಪ್ರಕರಣದಲ್ಲಿ ಹೇಳಿತು. 1990ರ ಬ್ರಿಜ್ ಮೋಹನ್ ಪ್ರಕರಣದಲ್ಲಿ, ಸ್ಥಿರಾಸ್ತಿ ಮಾರುವ ಒಪ್ಪಂದವೂ ಬಾಯಿಮಾತಿನಲ್ಲಿ ಆಗಬಹುದೆಂದು ಒಪ್ಪಿಕೊಂಡೇ, ಇಬ್ಬರ ಮನಸ್ಸೂ ಒಂದೇ ವಿಷಯಕ್ಕೆ ಕೂಡಿತ್ತೆಂದು ತೋರಿಸುವ ಹೊರೆಯನ್ನು ವಾದಿಯ ಮೇಲೆ ಹಾಕಿತು.

ಹಾಗಾದರೆ ಸಾಕ್ಷ್ಯ ಯಾವುದು? ಬಾಗಲಕೋಟೆಯ ಅಡತ ಅಂಗಡಿಯಲ್ಲಿ ಕೇಳಿದರೆ ಕಿರ್ದಿ, ಖತಾವಣಿ ಎಂದಾರು. ಕ್ರಮವಾಗಿ ಬರೆದುಕೊಂಡು ಬಂದ ಲೆಕ್ಕಪುಸ್ತಕಕ್ಕೆ ಬೆಲೆಯಿದೆ. ಆದರೆ ಅದೊಂದರಿಂದಲೇ ಇನ್ನೊಬ್ಬನ ತಲೆಗೆ ಬಾಕಿ ಕಟ್ಟಲಾಗದು. ಬಿಡಿ ಹಾಳೆಗಳು ಲೆಕ್ಕಪುಸ್ತಕವೇ ಅಲ್ಲ ಎಂದು 1998ರಲ್ಲಿ, ಹವಾಲಾ ಡೈರಿಗಳ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದುಂಟು. ಸಂಚಕಾರ ಜಮೆಯಾದ ಬ್ಯಾಂಕ್ ದಾಖಲೆ, ಗಂಟು ಸಾಗಿಸಿದ ರಸೀದಿ, ಮಾತು ನಡೆದಾಗ ಅಲ್ಲೇ ಇದ್ದವರ ಸಾಕ್ಷಿ ಇವೆಲ್ಲ ಪುಸ್ತಕದ ಜೊತೆಗೂಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ವಾಟ್ಸ್ಆ್ಯಪ್ ಸಂದೇಶವೂ ಸಾಕ್ಷ್ಯವೇ. ಪ್ರಿಂಟ್ ತೆಗೆದು ಕೊಟ್ಟರೆ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಕಾಗದವಾದ ಕರಾರಿಗೆ ‘ಬಾಯಲ್ಲಿ ಬೇರೆ ಮಾತಾಗಿತ್ತು’ ಎಂದು ವಿರುದ್ಧ ಷರತ್ತು ಸೇರಿಸಹೊರಟರೆ ಸಾಮಾನ್ಯವಾಗಿ ಅವಕಾಶವಿಲ್ಲ.

ಕೆಲವೆಡೆ ಬಾಯಿಮಾತು ನಡೆಯುವುದೇ ಇಲ್ಲ. ಒಂದು ವರ್ಷ ಮೀರಿದ ಅಂಗಡಿ ಗುತ್ತಿಗೆಗೆ ನೋಂದಾಯಿತ ಪತ್ರ ಬೇಕು. ವ್ಯಾಜ್ಯವನ್ನು ಮಧ್ಯಸ್ಥಗಾರರಿಗೆ ಒಪ್ಪಿಸುವ ಕರಾರು ಬರವಣಿಗೆಯಲ್ಲಿರಬೇಕು. ಪಾಲುದಾರಿಕೆ ಬಾಯಿಮಾತಿನಲ್ಲಿ ಹುಟ್ಟಬಹುದು, ನೋಂದಣಿಯಿಲ್ಲದ ಸಂಸ್ಥೆ ಮಾತ್ರ ಹೊರಗಿನವರ ಮೇಲೆ ಕರಾರಿನ ಹಕ್ಕಿಗಾಗಿ ದಾವೆ ಹೂಡಲಾಗದು. ಹುನಗುಂದ, ಇಳಕಲ್ಲಿನ ಕೆಂಪು ಗ್ರಾನೈಟ್ ವಿಚಾರದಲ್ಲಿ ತೊಡಕು ಬೇರೆ: ಲೈಸೆನ್ಸಿಲ್ಲದೆ ಕಲ್ಲು ತೆಗೆಯುವ ಒಪ್ಪಂದದ ಉದ್ದೇಶವೇ ಕಾನೂನುಬಾಹಿರ, ಅದನ್ನು ಛಾಪಾಕಾಗದದ ಮೇಲೆ ಬರೆದರೂ ಕೋರ್ಟು ಜಾರಿ ಮಾಡದು.

ಕರಾರು ಸಾಬೀತಾಗದಿದ್ದರೂ ನೇಕಾರ ಬರಿಗೈಯಲ್ಲೇ ಮರಳಬೇಕೆಂದಿಲ್ಲ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಕಾನೂನುಬದ್ಧವಾಗಿ ಮಾಡಿದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕೆನ್ನುತ್ತದೆ ಕರಾರು ಕಾಯ್ದೆಯ 70ನೇ ಕಲಮು.

ಗಡುವು ಮರೆಯುವಂತಿಲ್ಲ. 1963ರ ಕಾಲಮಿತಿ ಕಾಯ್ದೆಯಂತೆ, ವಾಯಿದೆ ಗೊತ್ತುಮಾಡದ ಉದ್ರಿ ಮಾಲಿಗೆ ಮಾಲು ಕೊಟ್ಟ ದಿನದಿಂದ 3 ವರ್ಷ, ಮಜೂರಿಗೆ ಕೆಲಸ ಮುಗಿದ ದಿನದಿಂದ 3 ವರ್ಷ. ‘ದೀಪಾವಳಿಗೆ ಕೊಡ್ತೀನಿ’ ಎಂದು ಸಾಲಗಾರ ನಾಲ್ಕು ಜನರ ಮುಂದೆ ಆಡಿದರೂ ಈ ಗಡುವು ಮುಂದಕ್ಕೆ ಹೋಗುವುದಿಲ್ಲ. ಕರಾರು ಬಾಯಲ್ಲಾಗಿದ್ದರೂ ಬಾಕಿಯ ಒಪ್ಪಿಗೆ ಗಡುವಿನೊಳಗೆ, ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು.