ಮೆಲುಸೀನ್‌ಗಿಂತ ಹಳೆಯ ಹಾವು

ಗಣಿತಜ್ಞ ಲೈಬ್ನಿಟ್ಸ್ 1707ರಲ್ಲಿ ಅಚ್ಚು ಹಾಕಿಸಿದ ಒಂದು ದಪ್ಪ ಇತಿಹಾಸ ಸಂಪುಟದೊಳಗೆ ಹಾವಾಗುವ ಹೆಂಗಸೊಬ್ಬಳಿದ್ದಾಳೆ. ಅವನು ಅವಳನ್ನು ಹುಡುಕಿ ಹೊರಟವನಲ್ಲ. ಹನೋವರ್ ರಾಜಮನೆತನದ ಚರಿತ್ರೆ ಬರೆಯುವ ಕೆಲಸ ಅವನ ಹೆಗಲಿಗೆ ಬಿದ್ದಿತ್ತು. ಆ ವಂಶದ ಪೂರ್ವಿಕ, ಚಕ್ರವರ್ತಿ ನಾಲ್ಕನೇ ಓಟೋನಿಗಾಗಿ ಟಿಲ್ಬರಿಯ ಗರ್ವೇಸ್ ಎಂಬ ಇಂಗ್ಲಿಷ್ ಪಂಡಿತ 1215ರ ಸುಮಾರಿಗೆ ಬರೆದುಕೊಟ್ಟಿದ್ದ ಅದ್ಭುತಗಳ ಗ್ರಂಥವೂ ದಾಖಲೆಗಳ ಜೊತೆ ಅಚ್ಚಾಯಿತು. ಯುರೋಪಿನ ಅತಿ ಪ್ರಸಿದ್ಧ ನಾಗಕನ್ಯೆಯ ಬೇರು ಅದರಲ್ಲಿತ್ತು.

ಆ ಪ್ರಸಿದ್ಧಳ ಹೆಸರು ಮೆಲುಸೀನ್. ಫ್ರಾನ್ಸಿನ ಪ್ವಾತು ಪ್ರಾಂತದ ಲೂಸಿನ್ಯಾನ್ ಕೋಟೆಯನ್ನು ಕಟ್ಟಿಸಿದವಳು ಇವಳೇ ಎಂಬ ಕತೆಯನ್ನು ಜಾನ್ ದಾರಾಸ್ 1393ರಲ್ಲಿ ಬರೆದು ಮುಗಿಸಿದ. ಬರೆಸಿದವನು ಬೆರಿಯ ಡ್ಯೂಕ್. ಇಂಗ್ಲಿಷರ ವಶದಲ್ಲಿದ್ದ ಆ ಕೋಟೆಯನ್ನು 1374ರಲ್ಲಿ ಗೆದ್ದುಕೊಂಡ ಅವನಿಗೆ, ಅದು ತನಗೆ ಸಲ್ಲತಕ್ಕದ್ದೇ ಎನ್ನುವ ಒಂದು ಪುರಾಣ ಅನುಕೂಲವಾಗಿತ್ತು.

ಜಾನ್ ಹೇಳುವ ಪ್ರಕಾರ, ಕಾಡಿನ ಬುಗ್ಗೆಯ ಹತ್ತಿರ ಕಂಡ ಮೆಲುಸೀನ್‌ಳನ್ನು ರೇಮೊಂದಿನ್ ಎಂಬವನು ಮದುವೆಯಾಗುತ್ತಾನೆ. ಶನಿವಾರ ತನ್ನನ್ನು ನೋಡಕೂಡದು ಎಂಬುದು ಅವಳ ಷರತ್ತು. ಅವಳು ಕಾಡು ಕಡಿಸುತ್ತಾಳೆ, ಕೋಟೆಗಳನ್ನೂ ಊರುಗಳನ್ನೂ ಎಬ್ಬಿಸುತ್ತಾಳೆ, ಹತ್ತು ಗಂಡುಮಕ್ಕಳನ್ನು ಹೆರುತ್ತಾಳೆ. ಕೊನೆಗೆ ಅಣ್ಣನ ಚಾಡಿಮಾತಿಗೆ ಕಿವಿಗೊಟ್ಟ ಗಂಡ ಕತ್ತಿಯ ಮೊನೆಯಿಂದ ಬಾಗಿಲು ಕೊರೆದು ಇಣುಕುತ್ತಾನೆ. ಹೆಂಡತಿ ಅಮೃತಶಿಲೆಯ ತೊಟ್ಟಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಹೊಕ್ಕುಳಿನಿಂದ ಕೆಳಗೆ ಹಾವಿನ ಬಾಲ, ಹೆರಿಂಗ್ ಮೀನು ತುಂಬಿಡುವ ಪೀಪಾಯಿಯಷ್ಟು ದಪ್ಪ. ಅದು ಬಡಿದ ರಭಸಕ್ಕೆ ನೀರು ಚಾವಣಿಗೆ ಚಿಮ್ಮುತ್ತಿದೆ. ಸಂತೆಯಲ್ಲಿ ಎಲ್ಲರೂ ಕಂಡಿರುವ ಆ ಮೀನಿನ ಪೀಪಾಯಿಯನ್ನು ಇಲ್ಲಿಗೆ ತಂದಿರುವುದರಲ್ಲೇ ಜಾನ್ ಎಂಥ ಕತೆಗಾರ ಎಂಬುದು ತಿಳಿಯುತ್ತದೆ. ಮುಂದೊಂದು ದಿನ ಗಂಡ ಸಿಟ್ಟಿನ ಭರದಲ್ಲಿ ಎಲ್ಲರೆದುರು ಅವಳನ್ನು ಹಾವೆಂದು ಜರೆದಾಗ, ಅವಳು ಹದಿನೈದು ಅಡಿಯ ಸರ್ಪವಾಗಿ ಕಿಟಕಿಯಿಂದ ಹಾರಿಹೋಗುತ್ತಾಳೆ.

ಇಷ್ಟನ್ನೂ ಜಾನ್ ತಾನೇ ಕಟ್ಟಿದನೇ? ಸುಳಿವನ್ನು ಅವನೇ ಬಿಟ್ಟುಹೋಗಿದ್ದ: ಗ್ರಂಥದ ಮೊದಲಲ್ಲಿ ಗರ್ವೇಸನ ಹೆಸರು ಹೇಳುತ್ತಾನೆ. ಆ ಎಳೆ ಹಿಡಿದು ಗರ್ವೇಸನ ಪುಟ ತೆರೆದರೆ, ದಕ್ಷಿಣ ಫ್ರಾನ್ಸಿನ ಎಕ್ಸ್ ಪಟ್ಟಣದ ಸೀಮೆಯ ರೂಸೆ ಕೋಟೆಯ ಒಡೆಯನೊಬ್ಬ ಎದುರಾಗುತ್ತಾನೆ. ಅವನ ಹೆಸರು ರೇಮೊಂಡ್! ನದಿಯ ದಂಡೆಯಲ್ಲಿ ಸಿಕ್ಕಿದ ಸುಂದರಿ ಅವನಿಗೆ ಹಾಕಿದ ಷರತ್ತು, ತನ್ನನ್ನು ಬೆತ್ತಲೆ ನೋಡಬಾರದೆಂಬುದು. (ಪುರೂರವ–ಊರ್ವಶಿಯರ ಕತೆಯಲ್ಲಿ ಇದು ತಿರುವುಮುರುವು, ಅಲ್ಲಿ ಬೆತ್ತಲೆ ಕಾಣಬಾರದವನು ಗಂಡ.) ರೇಮೊಂಡ್ ಒಂದು ದಿನ ಸ್ನಾನದ ಪರದೆ ಸರಿಸುತ್ತಾನೆ. ಅವಳು ಹಾವಾಗಿ ನೀರಿನಲ್ಲಿ ತಲೆ ಮುಳುಗಿಸಿ ಮಾಯವಾಗುತ್ತಾಳೆ. ಮೆಲುಸೀನ್ ಎಂಬ ಹೆಸರು ಮಾತ್ರ ಅಲ್ಲಿಲ್ಲ.

ಎರಡನೆಯವಳು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಎರಡನೇ ಹೆನ್ರಿಯ ಆಸ್ಥಾನದಲ್ಲಿದ್ದ ವಾಲ್ಟರ್ ಮ್ಯಾಪ್ ಬರೆದ ಗ್ರಂಥದ ಒಂದೇ ಒಂದು ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿತ್ತು. ಥಾಮಸ್ ರೈಟ್ 1850ರಲ್ಲಿ ಅದನ್ನು ಅಚ್ಚಿಗೆ ತಂದ. ಇಲ್ಲಿ ಇಣುಕಿ ನೋಡುವವಳು ಅತ್ತೆ. ಸೊಸೆ ಚರ್ಚಿನಲ್ಲಿ ತೀರ್ಥ ಪ್ರೋಕ್ಷಿಸುವ ಹೊತ್ತಿಗೆ ತಪ್ಪಿಸಿಕೊಳ್ಳುವುದನ್ನು ಕಂಡು ಅನುಮಾನಗೊಂಡ ಆಕೆ ಗೋಡೆಯ ಸಣ್ಣ ತೂತಿನಿಂದ ನೋಡುತ್ತಾಳೆ. ಸೊಸೆ ಸ್ನಾನಕ್ಕಿಳಿದು ಡ್ರಾಗನ್ ಆಗಿ, ಎದ್ದುಬಂದು ಹೊಸ ನಿಲುವಂಗಿಯೊಂದನ್ನು ಹಲ್ಲಿನಿಂದ ಚಿಂದಿ ಮಾಡಿ, ಮತ್ತೆ ಹೆಣ್ಣಾಗುತ್ತಾಳೆ. ಪಾದ್ರಿ ತೀರ್ಥ ಚಿಮುಕಿಸಿದಾಗ ಮಾಡು ಸೀಳಿಕೊಂಡು ಹಾರಿಹೋಗುತ್ತಾಳೆ.

ಹಾವಿನ ಹೆಂಡತಿ ಲೂಸಿನ್ಯಾನ್ ಕೋಟೆಗೆ ಬಂದು ಸೇರಿದ್ದು ಯಾವಾಗ? ಜಾನ್‌ಗಿಂತ ಮೊದಲೇ. 1362ರಲ್ಲಿ ತೀರಿಕೊಂಡ ಪ್ವಾತು ಸೀಮೆಯ ಸನ್ಯಾಸಿ ಪಿಯೆರ್ ಬೆರ್ಸ್ವಿರ್, ಆ ಕೋಟೆಯನ್ನು ಕಟ್ಟಿದವರು ಒಬ್ಬ ಯೋಧ ಮತ್ತು ಹಾವಾದ ಅವನ ಯಕ್ಷಿಣಿ ಹೆಂಡತಿ ಎಂಬ ಮಾತನ್ನು ದಾಖಲಿಸಿದ್ದಾನೆ. ಅವನಲ್ಲಿಯೂ ಹೆಸರಿಲ್ಲ.

ಚದುರಿಬಿದ್ದಿದ್ದ ಈ ಕತೆಗಳನ್ನು ಇತಿಹಾಸಕಾರ ಝಾಕ್ ಲ ಗಾಫ್ ಒಟ್ಟಿಗಿಟ್ಟು ನೋಡಿದರು. 1971ರಲ್ಲಿ ಎಮಾನ್ಯುಯೆಲ್ ಲ ರ್ವಾ ಲಾದ್ಯುರಿಯವರೊಂದಿಗೆ ‘ಅನಾಲ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಬಾಲವನ್ನು ಬಿಟ್ಟು ಕಾಲವನ್ನು ಹಿಡಿದರು. ಗರ್ವೇಸ್, ಮ್ಯಾಪ್ ಹೇಳಿದ ಕತೆಗಳು ಬರಹಕ್ಕಿಳಿದದ್ದು 1200ರ ಆಸುಪಾಸು. ಕಾಡು ಕಡಿದು ಹೊಲ ಮಾಡುತ್ತಿದ್ದ, ಕೋಟೆಗಳು ಏಳುತ್ತಿದ್ದ, ಸಣ್ಣಪುಟ್ಟ ಯೋಧರು ಒಡೆಯರಾಗಲು ಹವಣಿಸುತ್ತಿದ್ದ ಹೊತ್ತು ಅದು. ಅವರು ಬಯಸಿದ ನೆಲ, ಕೋಟೆ, ಸಂತಾನ ಮೂರನ್ನೂ ಹಾವಿನ ಹೆಂಡತಿ ತಂದುಕೊಟ್ಟಳು. ಪಾದ್ರಿಗಳ ಲೇಖನಿ ಅವಳನ್ನು ಪಿಶಾಚಿ ಮಾಡಿತು, ಒಡೆಯರ ಮನೆತನ ತಾಯಿಯೆಂದು ಇಟ್ಟುಕೊಂಡಿತು.

ಲ ಗಾಫ್ ಹೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಜಾನ್‌ನ ಗ್ರಂಥದಲ್ಲಿ ಬಾಲ ಕಾಣಿಸುವುದು ಕೆಲವೇ ಗಳಿಗೆ. ಅವಳು ಕೂಲಿಯಾಳುಗಳನ್ನು ಕರೆಸಿ ಗೋಡೆ ಎಬ್ಬಿಸುವ ಕೆಲಸ ಮತ್ತೆ ಮತ್ತೆ ಬರುತ್ತದೆ.

ಲೂಸಿನ್ಯಾನ್ ಕೋಟೆ ಈಗಿಲ್ಲ. 1574–75ರ ಮುತ್ತಿಗೆಯ ನಂತರ ಅದನ್ನು ಕೆಡವಲಾಯಿತು. ಹೇಗಿತ್ತೆಂದು ನೋಡಬೇಕೆನ್ನುವವರು ಅದೇ ಡ್ಯೂಕ್ ಬರೆಸಿದ, ಇಂದು ಶಾಂತಿಯಿಯ ಸಂಗ್ರಹಾಲಯದಲ್ಲಿರುವ ಪ್ರಾರ್ಥನಾ ಗ್ರಂಥದ ಮಾರ್ಚ್ ತಿಂಗಳ ಚಿತ್ರವನ್ನು ಹುಡುಕಿ ನೋಡಬಹುದು. ಬಲಗಡೆಯ ಗೋಪುರದ ಮೇಲೆ ರೆಕ್ಕೆಯ ಸರ್ಪವನ್ನೂ ಬರೆದಿದ್ದಾರೆ.