ಉಪಕರಣ ಹಾಳಾಗುವುದು ಎಲ್ಲಿ?

ಶಸ್ತ್ರಚಿಕಿತ್ಸೆಯ ಕತ್ತರಿ, ಇಕ್ಕಳ, ಹಲ್ಲು ಕೀಳುವ ಫೋರ್ಸೆಪ್ಸ್ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಈ ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಲೋಹವನ್ನು ಕಾಯುತ್ತದೆ. ಹಾಗೆಂದು ತುಕ್ಕು ಹಿಡಿಯುವುದೇ ಇಲ್ಲವೆಂದಲ್ಲ. ಉಪ್ಪು ಈ ಪದರವನ್ನು ತೂತು ಮಾಡುತ್ತದೆ. ರಕ್ತದಲ್ಲೂ ಉಪ್ಪಿದೆ, ಸಲೈನಿನಲ್ಲೂ ಇದೆ. ಬ್ಲೀಚಿಂಗ್ ದ್ರಾವಣವಂತೂ ಇನ್ನೂ ಕೆಟ್ಟದ್ದು. ಉಪಕರಣ ಕೆಡುವುದು ಬಳಕೆಗಿಂತ ಹೆಚ್ಚಾಗಿ, ಬಳಸಿದ ಮೇಲೆ ಹಾಗೇ ಬಿಟ್ಟಿದ್ದರಿಂದ.

ರಕ್ತ ಒಣಗುವ ಮೊದಲೇ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಆಮೇಲೆ ಕಿಣ್ವವಿರುವ ದ್ರಾವಣದಲ್ಲಿ ನೆನೆಹಾಕಿ, ದಪ್ಪ ಗ್ಲೌಸ್ ತೊಟ್ಟು ಮೃದುವಾದ ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ಉಕ್ಕಿನ ನಾರು ಮುಟ್ಟಿಸಲೇಬಾರದು. ಕೊಳೆ ನಿಲ್ಲುವುದು ಉಪಕರಣದ ಹಲ್ಲುಗಳ ಸಂದಿಯಲ್ಲಿ ಮತ್ತು ಕೀಲಿನಲ್ಲಿ. ಕೀಲು ಮುಚ್ಚಿಟ್ಟೇ ತೊಳೆದರೆ ಒಳಗಿನ ರಕ್ತ ಅಲ್ಲೇ ಉಳಿಯುತ್ತದೆ. ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರವೇ ಆಟೋಕ್ಲೇವ್. ಕೊಳೆಯ ಕೆಳಗೆ ಅದರ ಹಬೆ ತಲುಪದ ಕಾರಣ, ಸರಿಯಾಗಿ ತೊಳೆಯದ ಉಪಕರಣವನ್ನು ಎಷ್ಟು ಹೊತ್ತು ಬೇಯಿಸಿದರೂ ಭರವಸೆಯಿಲ್ಲ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ ಊರಿನಲ್ಲಿ ಇದಕ್ಕೆ ನೀರಿನ ತೊಡಕೂ ಸೇರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಬಯಲುಸೀಮೆಗೆ ಬೋರ್‌ವೆಲ್ಲೇ ಆಸರೆ, ಆ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡವು ಬೇರೆ ಮೂಲವಿಲ್ಲದಾಗ ಲೀಟರಿಗೆ 600 ಮಿಲಿಗ್ರಾಂ ಗಡಸುತನದವರೆಗೂ ಒಪ್ಪುತ್ತದೆ. ಕುಡಿಯಲು ಸಲ್ಲುವ ಆ ನೀರು ಆಟೋಕ್ಲೇವಿಗೆ ಸಲ್ಲದು. ಕಡೆಯ ಜಾಲಿಸುವಿಕೆಗೂ ಯಂತ್ರಕ್ಕೂ ಭಟ್ಟಿ ಇಳಿಸಿದ ಅಥವಾ ಲವಣ ತೆಗೆದ ನೀರೇ ಬೇಕು. ಇಲ್ಲವಾದರೆ ಕತ್ತರಿಯ ಕೀಲಿನ ಸುತ್ತ ಬಿಳಿ ಉಂಗುರ ಕೂರುತ್ತದೆ. ಕಂದು ಕಲೆ ಕಂಡರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಬಹುದು: ಅಳಿಸಿಹೋದರೆ ಬರೀ ಕಲೆ, ಕೆಳಗೆ ಗುಳಿ ಕಂಡರೆ ತುಕ್ಕು. ಗುಳಿಬಿದ್ದ ಉಪಕರಣವನ್ನು ಬಳಕೆಯಿಂದ ತೆಗೆಯಬೇಕು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಪಾತ್ರೆಯಲ್ಲಿ ಕುದಿಸುವ ಹಳೆಯ ಪದ್ಧತಿ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಎಲ್ಲಿಯೂ ನಂಬಿಕೆಯಿಂದ ಕೊಲ್ಲದು. ಇಲ್ಲಿ ಅದು ಇನ್ನೂ ದುರ್ಬಲ. ಸಮುದ್ರಮಟ್ಟದಲ್ಲಿ ಮಾಪಕ 15 ಪೌಂಡ್ ಒತ್ತಡ ತೋರಿಸಿದಾಗ ಹಬೆ 121 ಡಿಗ್ರಿಗೆ ಮುಟ್ಟುತ್ತದೆ, ಇಲ್ಲಿ ಒಂದೂವರೆ ಡಿಗ್ರಿಯಷ್ಟು ಕಡಿಮೆ. ಹಾಗಾಗಿ ಪ್ರೆಷರ್ ಕುಕ್ಕರಿನಂಥ ಹಳೆಯ ಆಟೋಕ್ಲೇವಿನಲ್ಲಿ ಒತ್ತಡ 16ರಿಂದ 17 ಪೌಂಡಿಗೆ ಬರಬೇಕು. ಯಂತ್ರ ತಡೆಯುವ ಮಿತಿ ನೋಡಿಕೊಂಡು, ಉಷ್ಣತೆಯ ಮಾಪಕವನ್ನೇ ನಂಬುವುದು ಲೇಸು.

ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಪ್ರತಿ ರೋಗಿಯ ನಂತರ ಅದನ್ನು ತೊಳೆದು, ತಯಾರಕರು ಹೇಳಿದಂತೆ ಎಣ್ಣೆ ಬಿಟ್ಟು, ಆಟೋಕ್ಲೇವ್ ಮಾಡಬೇಕು. ಹೊರಗಿನಿಂದ ಸ್ಪಿರಿಟ್ ಒರೆಸಿದರೆ ಸಾಲದು.

ಆಟೋಕ್ಲೇವಿಗೆ ಹಾಕುವ ಉಪಕರಣದ ಪೊಟ್ಟಣದ ಮೇಲಿನ ಪಟ್ಟಿಯ ಬಣ್ಣ ಬದಲಾದರೆ ಬಿಸಿ ತಗುಲಿತೆಂದಷ್ಟೇ ತಿಳಿಯುತ್ತದೆ. ಬೀಜಾಣುಗಳು ಸತ್ತಿವೆಯೇ ಎಂಬುದಕ್ಕೆ ಬೀಜಾಣು ಪರೀಕ್ಷೆಯನ್ನೇ ನಿಯಮಿತವಾಗಿ ಮಾಡಬೇಕು. ಹಲ್ಲು ತೋರಿಸಲು ಹೋದವರು ಪೊಟ್ಟಣವನ್ನು ತಮ್ಮೆದುರೇ ಬಿಚ್ಚಲು ಹೇಳಬಹುದು, ಸಂಕೋಚ ಬೇಡ.